ಚೀಲದ ಬಾಯಿ ಕಟ್ಟಿದ ಅಪರಾಧ

ನಗರ ಸ್ವಚ್ಛತಾ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಕೆರೆಯಂಚಿನ ನೆಡುತೋಪಿನಲ್ಲಿ ಕಸ ಸುರಿದ ಅಪರಾಧಿಯನ್ನು ಕೊನೆಗೂ ಪತ್ತೆ ಹಚ್ಚಿದ್ದೀರಿ. ಅಭಿನಂದನೆಗಳು. ಆಕೆ ನನ್ನ ಅಕ್ಕ, ಬಟ್ಟೆ ಹೊಲಿಯುವವಳು. ನಿಮ್ಮ ನೋಟಿಸು ಈಗ ಅವಳ ಹೊಲಿಗೆ ಯಂತ್ರದ ಮೇಲೆ, ಅರ್ಧ ಹೊಲಿದ ಅಂಗಿಯ ಪಕ್ಕದಲ್ಲಿ ಬಿದ್ದಿದೆ.

ಅವಳು ಮಾಡಿದ್ದೇನು? ವರ್ಷಗಳಿಂದ ಲಾರಿಗಳು ಕದ್ದುಮುಚ್ಚಿ ಬಂದು ಆ ತೋಪಿನಲ್ಲಿ ಒಡೆದ ಗೋಡೆ, ಹರಿದ ಹಾಸಿಗೆ, ಬಣ್ಣದ ಡಬ್ಬಿ ಸುರಿದು ಹೋಗುತ್ತಿದ್ದವು. ಅದು ಮಕ್ಕಳು ಆಡುವ, ವಯಸ್ಸಾದವರು ಗಾಳಿಗೆ ಬರುವ ಜಾಗ. ನಿಮ್ಮ ಕಚೇರಿಗೆ ಅಲೆದಲೆದು ಚಪ್ಪಲಿ ಸವೆದ ಮೇಲೆ ನಾವು ಓಣಿಯ ಕೆಲವರು ಒಂದು ಭಾನುವಾರ ಕೈಗವಸು ಹಾಕಿಕೊಂಡು ಇಳಿದೆವು. ಎತ್ತಿದ್ದನ್ನು ಚೀಲಕ್ಕೆ ತುಂಬಿ ಗೇಟಿನ ಬಳಿ ಸಾಲಾಗಿ ಇಟ್ಟೆವು. ಲಾರಿ ಕಳಿಸುತ್ತೇವೆ ಎಂದವರು ನೀವೇ. ಅಕ್ಕನಿಗೆ ಬಾಯಿ ತೆರೆದ ಚೀಲ ಕಂಡರಾಗದು. ಹೊಲಿದು ಉಳಿದ ಕೆಂಪು ಬಟ್ಟೆಯ ಪಟ್ಟಿಗಳಿಂದ ಒಂದೊಂದಕ್ಕೂ ಗಂಟು ಹಾಕಿದಳು. ಸಾಲದ್ದಕ್ಕೆ ‘ಗಾಜು ಇದೆ, ಹುಷಾರು’ ಎಂದು ರಟ್ಟಿನ ಮೇಲೆ ಬರೆದು, ಕೆಳಗೆ ತನ್ನ ಫೋನ್ ನಂಬರನ್ನೂ ಹಾಕಿದಳು.

“ನಂಬರ್ ಯಾಕಕ್ಕಾ?” ಎಂದೆ.

“ಲಾರಿಯವರಿಗೆ ದಾರಿ ಗೊತ್ತಾಗ್ದಿದ್ರೆ? ಪಾಪ, ಸುತ್ತಾಡ್ಬೇಕಾಗುತ್ತೆ ಕಣೋ.”

ನಿಮ್ಮ ಲಾರಿ ಬರಲೇ ಇಲ್ಲ. ಬೇರೆ ಲಾರಿಗಳು ಬಂದವು. ಸಾಲು ಚೀಲ ನೋಡಿ, ಓಹೋ, ಕಸ ಹಾಕುವ ಜಾಗ ಇದೇ ಎಂದುಕೊಂಡು ತಮ್ಮದನ್ನೂ ಅದರ ಮೇಲೆ ಸುರಿದವು. ಗುಡ್ಡವಾದ ಮೇಲೆ ನಿಮ್ಮ ತನಿಖಾಧಿಕಾರಿ ಬಂದರು. ಅಷ್ಟೂ ಕಸದಲ್ಲಿ ನಂಬರ್ ಇದ್ದದ್ದು ನಮ್ಮದಕ್ಕೆ ಮಾತ್ರ. ಫೋನ್ ಮಾಡಿ, “ಈ ಕೆಂಪು ಪಟ್ಟಿ ಕಟ್ಟಿದ್ದು ನೀವೇನಮ್ಮಾ?” ಎಂದು ಕೇಳಿದರು. ಅಂತೂ ಲಾರಿ ಬಂತಲ್ಲ ಎಂಬ ಖುಷಿಯಲ್ಲಿ ಅಕ್ಕ, “ಹೌದು ಸಾರ್, ನಾನೇ!” ಎಂದಳು. ಅದನ್ನೇ ನೀವು ತಪ್ಪೊಪ್ಪಿಗೆ ಎಂದು ದಾಖಲಿಸಿಕೊಂಡಿದ್ದೀರಿ.

ಮಾನ್ಯರೇ, ನಿಮ್ಮ ಕಾನೂನು ಶಿಕ್ಷಿಸುವುದು ಕಸ ಸುರಿಯುವುದನ್ನೋ, ಹೆಸರು ಹೇಳುವುದನ್ನೋ? ಸುರಿದು ಓಡಿದವನು ಆರಾಮಾಗಿದ್ದಾನೆ. ನಾನು ಬೀಗ ರಿಪೇರಿ ಮಾಡುವವನು. ತೋಪಿನ ಗೇಟಿಗೆ ಪುಕ್ಕಟೆ ಬೀಗ ಹಾಕಿಕೊಡುತ್ತೇನೆ, ಬೀಗದ ಕೈ ನೀವೇ ಇಟ್ಟುಕೊಳ್ಳಿ ಎಂದು ಹಿಂದೆಯೇ ಕೇಳಿದ್ದೆ. “ಸರ್ಕಾರಿ ಗೇಟಿಗೆ ಯಾರ್ಯಾರೋ ಬೀಗ ಹಾಕೋ ಹಾಗಿಲ್ಲಪ್ಪ,” ಎಂದು ನಿಮ್ಮ ಗುಮಾಸ್ತರು ನಕ್ಕರು. ಯಾರ್ಯಾರೋ ಲಾರಿ ನುಗ್ಗಿಸಲು ಮಾತ್ರ ಯಾವ ಅಡ್ಡಿಯೂ ಇಲ್ಲ.

ನಿನ್ನೆ ಅಕ್ಕ ಕೈಗವಸು ಒಗೆದು ಒಣಹಾಕಿದಳು. ಸದ್ಯ, ಇವಳು ಕೈಬಿಟ್ಟಿಲ್ಲ ಎಂದು ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ಮೆಲ್ಲಗೆ ಕೇಳಿದಳು: “ಇನ್ಮೇಲೆ ಗಂಟು ಹಾಕೋದು ಬೇಡ ಅಲ್ವೇನೋ? ಕತ್ತಲಾದ್ಮೇಲೆ ಹೋಗಿ, ಯಾರಿಗೂ ಕಾಣ್ದಂಗೆ ಎತ್ತಿಟ್ಟು ಬಂದ್ಬಿಡೋಣ.” ಕಸ ಸುರಿಯುವವರು ಕಳ್ಳರ ಹಾಗೆ ಬರುತ್ತಿದ್ದರು. ಈಗ ಎತ್ತುವವಳೂ ಹಾಗೆಯೇ ಹೋಗಬೇಕೆನ್ನುತ್ತಿದ್ದಾಳೆ. ಇದನ್ನು ಅವಳಿಗೆ ಕಲಿಸಿದವರು ನೀವು.

ಆದ್ದರಿಂದ ಕೇಳುತ್ತಿದ್ದೇನೆ: ನೋಟಿಸು ಹಿಂಪಡೆಯಿರಿ. ಅಂಚೆಯಲ್ಲಿ ಕಳಿಸಿದರೆ ಒಪ್ಪುವುದಿಲ್ಲ. ಭಾನುವಾರ ಬೆಳಗ್ಗೆ, ಎಲ್ಲರೂ ನೋಡುವ ಹೊತ್ತಿನಲ್ಲಿ, ಲಾರಿಯ ಜೊತೆ ಗೇಟಿಗೆ ಬಂದು ಅವಳೆದುರು ನಿಂತು ತಪ್ಪಾಯಿತು ಎನ್ನಿ. ಬೀಗ ನಾನು ತರುತ್ತೇನೆ. ದಾರಿ ಗೊತ್ತಾಗದಿದ್ದರೆ ಅಕ್ಕನಿಗೆ ಫೋನ್ ಮಾಡಿ. ನಂಬರ್ ನಿಮ್ಮ ಹತ್ತಿರ ಇದೆ.

ಇಂತಿ,
ಆರೋಪಿಯ ತಮ್ಮ
(ವಿಳಾಸ ಬರೆಯಲು ಈಗ ಭಯವಾಗುತ್ತದೆ)