ಅಬ್ಬಾನ್ನ ಕೇಳು ಅಂದಳು ಅಮ್ಮಿ

ಅಬ್ಬಾ,

ನಿಮ್ಮ ಸಣ್ಣ ಮಗಳು ನಸ್ರೀನಳ ಸಲಾಮು. ಮನೆಯಲ್ಲಿ ದಖನಿ ಮಾತಾಡಿ ಬೆಳೆದವಳು ಕನ್ನಡದಲ್ಲಿ ಯಾಕೆ ಬರೆಯುತ್ತಾಳೆ ಅಂತ ನೀವು ಕೇಳುವವರಲ್ಲ. ಬಳಗಾನೂರಿನ ಸರಕಾರಿ ಸಾಲೆಯಲ್ಲಿ ನಾಲ್ಕನೇ ಕ್ಲಾಸಿನ ತನಕ ಕಲಿತ ನಿಮಗೆ ಓದಲು ಬರುತ್ತಿದ್ದದ್ದು ಇದೊಂದೇ. ಉರ್ದು ನಾಲಿಗೆಯ ಮೇಲಿತ್ತು, ಕಾಗದದ ಮೇಲೆ ಬಂದರೆ ಗುರುತು ಸಿಗುತ್ತಿರಲಿಲ್ಲ. ನೀವು ಕಣ್ಣು ಮುಚ್ಚಿ ಒಂದೂವರೆ ವರ್ಷವಾಯಿತು. ಇಷ್ಟು ದಿನ ಸುಮ್ಮನಿದ್ದು ಈಗ ಬರೆಯುತ್ತಿರುವುದು ಒಂದು ಮಾತು ಕೇಳುವುದಿದೆ ಅಂತ. ಕೇಳು ಅಂತ ಕಳಿಸಿದವಳು ಅಮ್ಮಿ.

ಮೊನ್ನೆ ಶುಕ್ರವಾರ ಅಮ್ಮಿ ದುಕಾನಿನಲ್ಲಿ ನಿಮ್ಮ ಹೊಲಿಗೆ ಮಷೀನಿನ ಮುಂದೆ ಕೂತು ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಹೌದು, ಈಗ ದುಕಾನು ಅವಳದೇ. ಇಬ್ಬರು ಹೆಣ್ಣುಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಾಳೆ, ಸಿಂಧನೂರಿನ ಅರ್ಧ ಊರಿನ ಬ್ಲೌಸು ಅಲ್ಲೇ ತಯಾರಾಗುತ್ತವೆ. ಆವತ್ತು ಅವಳ ಮುಖ ನೋಡಿ ಧೈರ್ಯ ಮಾಡಿ ಹೇಳಿದೆ. ಮುಂಜಾನೆ ಮೊಬೈಲಿನ ಮುಂದೆ ಕೂತು ನಾನು ಮಾತಾಡುವುದು ಟ್ಯೂಷನ್ ಅಲ್ಲ, ಬೇರೆ ದೇಶದವರಿಗೆ ಇಂಗ್ಲಿಷ್ ಕಲಿಸುವ ಟ್ರೇನಿಂಗ್ ಮಾಡುತ್ತಿದ್ದೇನೆ, ಜೊತೆಗೆ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ, ಕೊಲಂಬಿಯಾ ದೇಶದ ಒಂದು ಗುಡ್ಡದ ಊರಿನ ಸಾಲೆಯವರು ಜನವರಿಗೆ ಬಂದು ಒಂದು ವರ್ಷ ಕಲಿಸು ಅಂದಿದ್ದಾರೆ, ಅಂತ. ಅಮ್ಮಿ ದಾರ ಕಡಿದು, “ಕೊಲಂಬೋನಾ? ಲಂಕಾದಾಗ ಅಲ್ಲೇನು? ಸಮೀಪನ ಆತು ಬಿಡು” ಅಂದಳು.

ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಆಗಿತ್ತು. ಆದರೆ ಹಾದಿ ತಪ್ಪಿ ಬಂದ ಹೂಂ ನನಗೆ ಬೇಡವಾಗಿತ್ತು. ಮೊಬೈಲಿನಲ್ಲಿ ನಕಾಶೆ ತೆಗೆದು ಸಿಂಧನೂರಿನಿಂದ ಬೆರಳು ಎಳೆದೆ, ಎಳೆದೆ, ಸಮುದ್ರ ಮುಗಿಯಲೇ ಇಲ್ಲ. ಅಮ್ಮಿಯ ಮುಖ ಸಪ್ಪಗಾಯಿತು. ಮುಕ್ಕುಂದ ಹಳ್ಳಿಯ ಮಗಳಲ್ಲವೇ, ಗಟ್ಟಿ ಮಾತೆಲ್ಲ ಅವಳಿಗೆ ಕನ್ನಡದಲ್ಲೇ ಬರುತ್ತದೆ. “ಇಂಥಾ ಮಾತಿಗೆ ಹೂಂ ಅನ್ನೋರು ನಿಮ್ಮ ಅಬ್ಬಾ. ನನ್ನ ಕೇಳಬ್ಯಾಡ. ಅವರನ್ನ ಕೇಳು” ಅಂದು ಮತ್ತೆ ಪೆಡಲು ತುಳಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ದೊಡ್ಡ ಮಗಳು ಆಪಾಳನ್ನು ಲಿಂಗಸುಗೂರಿಗೆ ಮದುವೆ ಮಾಡಿ ಕೊಟ್ಟಾಗ, ನನ್ನನ್ನು ಬಿ.ಎಡ್.ಗೆ ಹಾಕಿದಾಗ, ಮಸ್ಕಿಯ ಸಾಲೆಗೆ ಕಳಿಸಿದಾಗ, ನೀವು ಹೂಂ ಅಂದಿರಿ, ಅವಳು ಚಹಾ ಮಾಡಿದಳು. ದೊಡ್ಡ ಮಾತಿಗೆ ಉತ್ತರ ಕೊಟ್ಟು ಅವಳಿಗೆ ರೂಢಿಯೇ ಇಲ್ಲ. ಅಮ್ಮಿಯ ಹೂಂ ಇಲ್ಲದೆ ನಾನು ಹೋಗುವವಳಲ್ಲ. ಈ ತಿಂಗಳ ಕೊನೆಯೊಳಗೆ ಆ ಸಾಲೆಗೆ ಉತ್ತರ ಕೊಡಬೇಕು. ಇನ್ನು ನಿಮ್ಮನ್ನು ಕೇಳದೆ ಯಾರನ್ನು ಕೇಳಲಿ?

ಮಸ್ಕಿಗೆ ಹೋಗುವ ಮುಂಜಾನೆಯ ಬಸ್ಸು ನೆನಪಿದೆಯಾ? ನನ್ನ ನೌಕರಿಯ ಮೊದಲ ದಿನ ಕಿಟಕಿಯಿಂದ ನಿಮ್ಮ ಟವೆಲ್ ಒಗೆದು ಸೀಟು ಹಿಡಿದು ಕೊಟ್ಟಿರಿ. ಟವೆಲ್ ಬಸ್ಸಿನಲ್ಲೇ ಮಸ್ಕಿಗೆ ಬಂತು, ನೀವು ಬರಿಗೈಲೆ ದುಕಾನಿಗೆ ಹೋದಿರಿ. ಅದೇ ಬಸ್ಸಿನಲ್ಲಿ ನಾನು ಸ್ಪ್ಯಾನಿಷ್ ಕಲಿತದ್ದು. ಅವರಲ್ಲಿ ‘ಪೆರೊ’ ಅಂದರೆ ‘ಆದರೆ’, ರಕಾರ ಉರುಳಿಸಿ ‘ಪೆರ್ರೊ’ ಅಂದರೆ ‘ನಾಯಿ’. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಪೆರೊ, ಪೆರ್ರೊ ಅನ್ನುತ್ತಿದ್ದೆ. ಕಂಡಕ್ಟರ್ ಬಂದು ನಿಂತು, “ಮೇಡಂರ, ಯಾರಿಗೆ ಬೈಯಾಕತ್ತೀರಿ? ಸೀಟು ಸಿಕ್ಕದಲ್ರೀ ನಿಮಗ!” ಅಂದ. ಬಸ್ಸೆಲ್ಲ ನನ್ನ ಕಡೆ ತಿರುಗಿತು. ನಾಯಿಗೆ ಅಂತ ಹೇಳಲು ಹೋಗಿ ಸುಮ್ಮನಾದೆ, ಅವನು ಏನು ತಿಳಿದುಕೊಳ್ಳುತ್ತಿದ್ದನೋ.

ಸ್ಪ್ಯಾನಿಷ್ ಪುಸ್ತಕ ತೆರೆದ ಮೊದಲ ದಿನವೇ ಅದರಲ್ಲಿ ನೀವು ಸಿಕ್ಕಿರಿ. ಅಂಗಿಗೆ ಅವರು ಕಮೀಸಾ ಅನ್ನುತ್ತಾರೆ, ಪ್ಯಾಂಟಿಗೆ ಪಾಂತಲೋನ್. ನಿಮ್ಮ ಖಮೀಸು, ನಿಮ್ಮ ಪಾಟಲೂನು! ಮೇಜಿಗೆ ಮೇಸಾ, ಸಾಬೂನಿಗೆ ಹಬೋನ್. ಯಾವ ಊರಿನ ಮಾತು ಯಾವ ಹಡಗು ಹತ್ತಿ ಎಲ್ಲಿ ಇಳಿಯಿತೋ! ನೀವಿದ್ದಿದ್ದರೆ ಇಡೀ ದಿನ ಗಿರಾಕಿಗಳಿಗೆ ಹೇಳಿಕೊಂಡು ತಿರುಗುತ್ತಿದ್ದಿರಿ. ನನ್ನ ಜೊತೆಗೆ ಕಲಿಯುವವರು ಶಬ್ದಗಳನ್ನು ಬಾಯಿಪಾಠ ಮಾಡುವಾಗ ನಾನು ಟೇಲರ್ ಮಗಳು ಅನ್ನುವ ಒಂದೇ ಬಲದ ಮೇಲೆ ಮುಂದೆ ಓಡಿದೆ.

ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಆ ಬಂಗಾಲಿ ಮೌಸಿ ಬ್ಲೌಸ್ ಟ್ರಯಲ್ಲಿಗೆ ಬಂದ ದಿನ ನಾನು ದುಕಾನಿನಲ್ಲೇ ಇದ್ದೆ. ನೀವು ಒಂದು ಹೆಜ್ಜೆ ಹಿಂದೆ ಸರಿದು ನೋಡಿ, “ಬೆನ್ನಾಗ ಝೋಲ್ ಅದ” ಅಂದಿರಿ. ನಿಮ್ಮ ಝೋಲ್ ಅಂದರೆ ಬಟ್ಟೆ ಸಡಿಲಾಗಿ ಇಳಿಬಿದ್ದದ್ದು. ಮೌಸಿಯ ಮನೆಯಲ್ಲಿ ಝೋಲ್ ಅಂದರೆ ಮೀನಿನ ಸಾರು. ಪಾಪ, ಸಾರು ಎಲ್ಲಿ ಚೆಲ್ಲಿದೆ ಅಂತ ಕುತ್ತಿಗೆ ತಿರುಗಿಸಿ ಬೆನ್ನು ಹುಡುಕಿಕೊಳ್ಳುತ್ತಾ ಗಿರಕಿ ಹೊಡೆದಳು. ನೀವು ಮತ್ತೆ ಮತ್ತೆ “ಅದ, ಝೋಲ್ ಅದ” ಅನ್ನುತ್ತಿದ್ದಿರಿ. ಗೊತ್ತಾದ ಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಿ. ಮುಂದಿನ ವಾರ ಡಬ್ಬಿ ತುಂಬಾ ಮೀನಿನ ಸಾರು ತಂದು ನಿಮ್ಮ ಮುಂದೆ ಇಟ್ಟು, “ಟೇಲರ್ ಸಾಬ್, ಇದು ಝೋಲ್. ನಿಮ್ದು ತಪ್ಪು” ಅಂದಳು. ಆ ಡಬ್ಬಿ ನೀವೊಬ್ಬರೇ ಖಾಲಿ ಮಾಡಿದಿರಿ, ನನಗೆ ಒಂದು ತುಂಡು ಕೊಟ್ಟಿರಿ, ಮುಳ್ಳಿನದು.

ಟ್ರೇನಿಂಗಿನಲ್ಲಿ ನಾನು ಕಲಿಸಬೇಕಾದ ಮೊದಲ ಪಾಠದ ದಿನ ಹೇಳಿದರೆ ನಗುತ್ತೀರಿ. ಪರದೆಯಲ್ಲಿ ಕೊಲಂಬಿಯಾದ ಮೂವರು ಕಲಿಯುವವರು, ಮೂಲೆಯಲ್ಲಿ ನನ್ನನ್ನು ನೋಡಿ ಬರೆದುಕೊಳ್ಳುವ ಟ್ರೇನರ್ ಮೇಡಂ. ಮಸ್ಕಿಯ ಸಾಲೆಯ ರೂಢಿ, ನಾನೊಬ್ಬಳೇ ಮಾತಾಡಿದೆ. ಪ್ರತಿ ಮಾತಿಗೂ ‘ತಿಳೀತಾ?’ ಅಂತ ಇಂಗ್ಲಿಷಿನಲ್ಲಿ ಕೇಳಿದೆ, ಮೂವರೂ ಯೆಸ್ ಯೆಸ್ ಅಂದರು. ಕೊನೆಗೆ ಮೇಡಂ ಒಂದು ಪ್ರಶ್ನೆ ಹಾಕಿದರೆ ಒಬ್ಬರಿಗೂ ಉತ್ತರ ಬರಲಿಲ್ಲ. ಫೇಲು. ಮೂವತ್ತು ವರ್ಷಕ್ಕೆ ಹತ್ತಿರ ಬಂದವಳು, ಏಳು ವರ್ಷ ಕಲಿಸಿದವಳು, ಕಲಿಸುವುದರಲ್ಲೇ ಫೇಲು! ಇನ್ನೊಂದೇ ಅವಕಾಶ ಇತ್ತು. ನಾಚಿಕೆಗೆ ಎರಡು ದಿನ ಊಟ ಸೇರಲಿಲ್ಲ.

ಆಗ ನಿಮ್ಮ ಟ್ರಯಲ್ ನೆನಪಾಯಿತು. ನೀವು ಯಾವ ಗಿರಾಕಿಯನ್ನೂ ‘ಸರಿ ಆಗೇದೇನ್ರೀ’ ಅಂತ ಕೇಳಿದವರಲ್ಲ. ಆಪಾ ಹೊಲಿಗೆ ಕಲಿಯುವಾಗ ಹೇಳುತ್ತಿದ್ದಿರಿ: “ಕೇಳಿದ್ರ ಎಲ್ಲಾರೂ ಹೂಂ ಅಂತಾರ, ಮನಿಗಿ ಹೋಗಿ ಬೈತಾರ. ಕೈ ಎತ್ತಸು, ಕೂಡ್ರಸು, ಬಗ್ಗಸು. ಎಲ್ಲಿ ಜಗ್ತದ ಅಂತ ಬಟ್ಟೀನ ಹೇಳ್ತದ.” ಎರಡನೇ ಪಾಠಕ್ಕೆ ನಿಮ್ಮ ಹಳೆಯ ಬಿಳಿ ಖಮೀಸು ನನ್ನ ಬಟ್ಟೆಯ ಮೇಲೆ ಹಾಕಿಕೊಂಡು ಕೂತೆ. ಏನೂ ಹೇಳದೆ ಕೈ ಎತ್ತಿದೆ, ತೋಳು ಬೆರಳು ಮುಚ್ಚಿಕೊಂಡು ಮೇಲೆ ಹೋಯಿತು. ಬ್ರೆಡ್ಡಿನ ಅಂಗಡಿ ನಡೆಸುವ ಮಾರ್ತಾ ಅನ್ನುವ ಹೆಂಗಸಿಗೆ ತಡೆಯಲಾಗಲಿಲ್ಲ, ತೋಳು ಬಹಳ ಉದ್ದ ಆಯಿತು ಅಂತ ಇಂಗ್ಲಿಷಿನಲ್ಲಿ ಕೂಗಿದಳು. ಆಮೇಲೆ ಕೊರಳು ದೊಡ್ಡದು, ಬಣ್ಣ ಹಳೆಯದು ಅಂತ ಮೂವರೂ ನಾ ಮುಂದೆ ತಾ ಮುಂದೆ. ನಾನು ಮಾತಾಡಿದ್ದು ಕಡಿಮೆ, ಅವರನ್ನು ಎಬ್ಬಿಸಿದ್ದು, ಕೂರಿಸಿದ್ದು ಹೆಚ್ಚು. ಈ ರೀತಿ ಎಲ್ಲಿ ಕಲಿತಿರಿ ಅಂತ ಮೇಡಂ ಕೇಳಿದರು. ಸಿಂಧನೂರಿನಲ್ಲಿ, ನಮ್ಮ ಅಬ್ಬಾನ ದುಕಾನಿನಲ್ಲಿ ಅಂದೆ. ಪಾಸಾದೆ ಅಬ್ಬಾ. ಆವತ್ತು ಆ ಖಮೀಸಿನಲ್ಲೇ ಕೂತು ಅತ್ತೆ, ಖುಷಿಗೆ.

ಮಾರ್ತಾ ಒಂದು ದಿನ ತನ್ನ ನಾಯಿಯನ್ನು ಗದರಿಸಿದ್ದು ಕೇಳಿ ನಾನು ದಂಗಾದೆ. ಸ್ಪ್ಯಾನಿಷಿನಲ್ಲೂ ನಮ್ಮ ಹಾಗೆ ‘ನೀ’ ಬೇರೆ, ‘ನೀವು’ ಬೇರೆ. ಆದರೆ ಅವಳ ಊರಿನಲ್ಲಿ, ನನ್ನನ್ನು ಕರೆದ ಸಾಲೆ ಇರುವುದೂ ಅಲ್ಲೇ, ತಾಯಿ ಮಗುವಿಗೂ ‘ನೀವು’, ಮಗು ತಾಯಿಗೂ ‘ನೀವು’, ನಾಯಿಗೂ ‘ಅಲ್ಲೇ ಕೂಡ್ರಿ’. ಗಂಟಲು ಹರಿಯುವ ಹಾಗೆ ಬೈದರೂ ರೀ ಬಿಡುವುದಿಲ್ಲ! ಅಂಥ ಊರಲ್ಲಿ ನಿಮ್ಮ ಮಗಳಿಗೆ ಕಷ್ಟ ಬಂದೀತೇ ಅಂತ ಅಮ್ಮಿಗೆ ಹೇಳಿ ನೋಡಿದೆ. ನಗಲಿಲ್ಲ. ಶನಿವಾರ ಆಪಾ ಲಿಂಗಸುಗೂರಿನಿಂದ ನನಗೊಂದು ಸ್ವೆಟರ್ ತಂದಳು, ಅದನ್ನು ನೋಡಿ ಅಮ್ಮಿ, “ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದ್ರಂತ” ಅಂದಳು. ಈ ಗಾದೆ ಬಂದಾಗಲೆಲ್ಲ ನೀವು “ಹೊಲಿಸ್ಲಿ ಬಿಡು, ಟೇಲರಿಗೆ ಛಲೋ ಆತು” ಅನ್ನುತ್ತಿದ್ದಿರಿ. ಮೂವರೂ ಆ ಮಾತಿಗೆ ಕಾದ ಹಾಗೆ ಕೂತೆವು.

ಈಗ ಕೇಳುತ್ತೇನೆ, ಅಬ್ಬಾ. ನೀವಿದ್ದಿದ್ದರೆ ಏನನ್ನುತ್ತಿದ್ದಿರಿ? ಮದುವೆಯ ಮಾತು ತೆಗೆಯುತ್ತಿದ್ದಿರೋ? ಒಂದು ವರ್ಷ ತಾನೇ ಅನ್ನುತ್ತಿದ್ದಿರೋ? ಅಥವಾ ಟವೆಲ್ ಹಿಡಿದುಕೊಂಡು ವಿಮಾನದ ಕಿಟಕಿಯ ಕೆಳಗೆ...

ಅಲ್ಲಿಗೆ ನಿಲ್ಲಿಸಿದ್ದೆ. ನಾಲ್ಕು ದಿನ ಕಳೆದು ಮತ್ತೆ ಬರೆಯುತ್ತಿದ್ದೇನೆ.

ಇವತ್ತು ಮುಂಜಾನೆ ಮಾರ್ತಾಳ ಕ್ಲಾಸಿತ್ತು. ನಮಗೆ ಬೆಳಗಾದರೆ ಅವರಿಗೆ ಹಿಂದಿನ ದಿನದ ರಾತ್ರಿ. ಅಮ್ಮಿ ಫಜರ್ ನಮಾಜು ಮುಗಿಸಿ ಪಕ್ಕದಲ್ಲಿ ಹಾಸಿದ ಜಾನಮಾಜಿನ ಮೇಲೇ ತಸ್ಬಿಯ ಮಣಿ ಎಣಿಸುತ್ತಾ ಕೂತಿದ್ದಳು. ಪಾಠ ಮುಗಿದ ಮೇಲೆ ಮಾರ್ತಾ ಎರಡೂ ಕೈ ಜೋಡಿಸಿ ಸ್ಪ್ಯಾನಿಷಿನಲ್ಲಿ, “ಓಹಲಾ! ಓಹಲಾ ಕೆ ಬೆಂಗಾ ಎನ್ ಎನೇರೊ” ಅಂದಳು. ಅಮ್ಮಿಗೆ ಕೇಳಿಸಿದ್ದು ‘ಲಾ’ ಒಂದೇ. ಅಲ್ಲಾನ ಹೆಸರು ಬಂತು, ಯಾರೋ ದುವಾ ಮಾಡುತ್ತಿದ್ದಾರೆ ಅಂತ ತಿಳಿದು ಅಲ್ಲಿಂದಲೇ ಗಟ್ಟಿಯಾಗಿ “ಆಮೀನ್!” ಅಂದಳು. ಅವರಲ್ಲೂ ಆ ಮಾತು ಆಮೆನ್ ಅಂತಲೇ. ಮಾರ್ತಾಳಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ, ಕಿಲಕಿಲ ನಕ್ಕು ತಾನೂ “ಆಮೆನ್!” ಅಂದಳು.

ಅಮ್ಮಿ ಪೂರಾ ತಪ್ಪಿರಲಿಲ್ಲ, ನೋಡಿ. ಹಿಂದೊಂದು ಕಾಲಕ್ಕೆ ಅರಬರು ಸ್ಪೇನಿನಲ್ಲಿದ್ದರಲ್ಲ, ಅವರು ‘ಅಲ್ಲಾ ಬಯಸಿದರೆ’ ಅಂದದ್ದೇ ಸವೆದು ಸವೆದು ಓಹಲಾ ಆಗಿದೆಯಂತೆ. ಮೊಬೈಲು ಆರಿಸಿ ಕೇಳಿದೆ, “ಅಮ್ಮಿ, ಯಾವ ದುವಾಕ ಆಮೀನ್ ಅಂದಿ ಗೊತ್ತದ ಏನು?”

“ಯಾವುದಕ?”

“ನಸ್ರೀನ್ ಟೀಚರ್ ಜನವರಿಗೆ ನಮ್ಮೂರಿಗೆ ಬರಲಿ ಅಂತ.”

ತಸ್ಬಿಯ ಮಣಿ ನಿಂತಿತು. ಇದನ್ನು ಹಿಡಿದು ನಾನು ಒತ್ತಾಯ ಮಾಡಬಾರದು ಅನ್ನಿಸಿ, “ತಪ್ಪಿ ಅಂದೀದಿ ಬಿಡಮ್ಮಿ, ಲೆಕ್ಕಕ್ಕಿಲ್ಲ” ಅಂದೆ.

“ಲೆಕ್ಕಕ್ಕ ಇಲ್ಲಾಂದ್ರ?” ಅಂತ ದನಿ ಏರಿಸಿದಳು. “ಜಾನಮಾಜಿನ ಮ್ಯಾಲ ಕುಂತು ಅಂದೀನಿ. ಆಮೀನ್ ಏನು ಬ್ಲೌಸಾ, ಬಿಚ್ಚಿ ವಾಪಸ್ ಹೊಲಿಯಾಕ?” ಎದ್ದು ಜಾನಮಾಜು ಮಡಚಿದಳು. ಬಾಗಿಲ ತನಕ ಹೋದವಳು ಮೇಜಿನ ಮೇಲಿದ್ದ ಈ ಹಾಳೆಗಳನ್ನು ನೋಡಿ ನಿಂತಳು. ನಾಲ್ಕು ದಿನದಿಂದ ನೋಡುತ್ತಿದ್ದಾಳೆ, ಏನು ಅಂತ ಕೇಳಿರಲಿಲ್ಲ.

“ನಿಮ್ಮ ಅಬ್ಬಾಗೇನು?”

“ಹೂಂ. ನೀನ ಅಂದಿದ್ದ್ಯಲ್ಲ, ಕೇಳು ಅಂತ.”

“ಇನ್ನ ಕೇಳೂದು ಬ್ಯಾಡ,” ಅಂದಳು ಅಮ್ಮಿ. “ಬರದು ತಿಳಸು. ಈ ಸಲ ಹೂಂ ಅಂದಾಕಿ ನಾ ಅಂತ.”

ತಿಳಿಸಿದ್ದೇನೆ, ಅಬ್ಬಾ. ಒಳಗೆ ಅವಳು ಮೂಗು ಸೀಟುವುದು ಕೇಳಿಸುತ್ತಿದೆ. ಚಹಾ ಇವತ್ತು ನಾನೇ ಮಾಡುತ್ತೇನೆ.

ನಿಮ್ಮ
ನಸ್ರೀನ್