ನೀವು ಬರೆದ ಪಿರೇಯಸ್ ಬಂದರು

ಅಪ್ಪಾ,

ಗ್ರೀಸ್ ದೇಶದ ಪಿರೇಯಸ್ ಬಂದರಿನ ನಕ್ಷೆಯನ್ನು ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ನೀವು ಬರೆದುಕೊಟ್ಟಾಗ ನಾನು ಆರನೇ ಕ್ಲಾಸು. ಹಡಗಿನಿಂದ ರಜೆಗೆ ಬಂದಿದ್ದಿರಿ. ಹಾಳೆಯ ಕೆಳಗೆ ಸಮುದ್ರ, ನಡುವೆ ದೊಡ್ಡ ಬಂದರು, ಬಲಕ್ಕೆ ಬಟ್ಟಲಿನಂಥ ಎರಡು ಪುಟ್ಟ ಬಂದರುಗಳು, ಮೇಲೆ ಎಡಮೂಲೆಯಲ್ಲಿ ಅಥೆನ್ಸ್. ಆ ಹಾಳೆ ಈಗ ಕೊಲ್ಲಿ ದೇಶದಲ್ಲಿ, ಅಲ್ ಥುಮಾಮಾದ ನಮ್ಮ ಫ್ಲ್ಯಾಟಿನಲ್ಲಿದೆ.

ಪುಟ್ಟ ಬಂದರಿನ ಕಟ್ಟೆಯಲ್ಲಿ ಸಿಕ್ಕಿದ ಮುದುಕಿಯ ಕಥೆ ಎಷ್ಟು ಸಲ ಹೇಳಿದ್ದಿರಿ? ಅವಳ ಅಮ್ಮ ಯುದ್ಧಕ್ಕೆ ಹೆದರಿ, ಕೂಸಾಗಿದ್ದ ಇವಳನ್ನು ಎತ್ತಿಕೊಂಡು ಸಮುದ್ರದ ಆಚೆ ದಡದಿಂದ ಬಂದು ಇಳಿದವಳಂತೆ. ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆ. ನಿಮ್ಮ ಜೇಬಿನಲ್ಲಿದ್ದ ನನ್ನ ಫೋಟೊ ನೋಡಿ ಒಂದು ಪೊಟ್ಟಣ ಒಣ ಅಂಜೂರ ಕೊಟ್ಟಳಂತೆ. "ಮಗು ಹಿಡ್ಕೊಂಡು ಬಂದವರನ್ನು ಆ ಊರು ವಾಪಸ್ ಕಳಿಸುದಿಲ್ಲ ಮಗಾ" ಅನ್ನುತ್ತಿದ್ದಿರಿ.

ಆ ಮಾತು ಈಗ ನನಗೆ ಬೇಕಾಗಿದೆ. ನಿಮ್ಮ ಅಳಿಯ ಸುಧೀರರನ್ನು ಇಲ್ಲಿನ ಲುಸೈಲ್ ಆಫೀಸಿನಿಂದ ಪಿರೇಯಸ್‌ಗೆ ಕಳಿಸುತ್ತಾರಂತೆ. ಭಾನುವಾರದೊಳಗೆ ಹೌದೋ ಅಲ್ಲವೋ ಹೇಳಬೇಕಿತ್ತು. ನೀವು ತೀರಿಹೋದ ಮೇಲೆ ಹುಟ್ಟಿದ ಮಗಳಿಗೆ ಎಂಟು ತಿಂಗಳು. ಅಲ್ಲಿ ಅವಳಿಗೆ ಜ್ವರ ಬಂದರೆ ಯಾರ ಬಾಗಿಲು ತಟ್ಟುವುದು, ಯಾವ ಭಾಷೆಯಲ್ಲಿ... ಮೂರು ವಾರದಿಂದ ಸರಿಯಾಗಿ ನಿದ್ದೆಯಿರಲಿಲ್ಲ.

ಕಾಲೇಜಿನಲ್ಲಿ ಚರಿತ್ರೆ ಓದಿದ ಅಭ್ಯಾಸ, ಸಿಕ್ಕಿದ್ದೆಲ್ಲ ಓದಿದೆ. ಎರಡೂವರೆ ಸಾವಿರ ವರ್ಷದ ಹಿಂದೆ ಅಲ್ಲಿಂದ ಅಥೆನ್ಸ್‌ವರೆಗೆ ಉದ್ದ ಗೋಡೆ ಕಟ್ಟಿದರು. ಯುದ್ಧ ಸೋತಾಗ ಕೆಡವಿದರು, ಮತ್ತೆ ಕಟ್ಟಿದರು. ರೋಮನ್ನರು ಬಂದು ಸುಟ್ಟರು. ನೂರಾರು ವರ್ಷ ಊರು ಅನ್ನಿಸಿಕೊಳ್ಳುವಂಥದ್ದೇನೂ ಅಲ್ಲಿರಲಿಲ್ಲ, ದಡದಲ್ಲೊಂದು ಕಲ್ಲಿನ ಸಿಂಹ ಬಿಟ್ಟರೆ. ಅದನ್ನೂ ವೆನಿಸ್‌ನವರು ಹೊತ್ತೊಯ್ದರು. ಆಮೇಲೆ ಪುನಃ ಜನ ಬಂದರು.

ಶುಕ್ರವಾರ ಬೆಳಿಗ್ಗೆ ಫೋನಿನ ಮ್ಯಾಪ್ ಪಕ್ಕದಲ್ಲಿ ನಿಮ್ಮ ಹಾಳೆ ಇಟ್ಟೆ. ಒಂದೂ ತಾಳೆಯಾಗಲಿಲ್ಲ. ಸಮುದ್ರದತ್ತ ತೆರೆದ ಬಂದರಿನ ಬಾಯಿ ಕೆಳಗಲ್ಲ, ಎಡಕ್ಕೆ. ಪುಟ್ಟ ಬಂದರುಗಳು ಬಲಕ್ಕಲ್ಲ, ಕೆಳಗೆ. ನೀವು ಅಲ್ಲಿಗೆ ಹೋಗಿಯೇ ಇರಲಿಲ್ಲವೇ? ಹಾಗಾದರೆ ಆ ಮುದುಕಿ, ಆ ಅಂಜೂರ...

"ಅಪ್ಪ ನನಗೆ ಸುಳ್ಳು ಹೇಳಿದ್ದು" ಎಂದೆ.

ಸುಧೀರ್ ಮಗಳಿಗೆ ರಾಗಿ ಮಣ್ಣಿ ತಿನ್ನಿಸುತ್ತಿದ್ದರು. "ನಿನ್ನಪ್ಪ ಹಡಗಲ್ಲಿ ಎಂತ ಮಾಡ್ತಿದ್ರು ಮಾರಾಯ್ತಿ?"

"ಚುಕ್ಕಾಣಿ ಹಿಡೀತಿದ್ರು."

"ಮತ್ತೆ? ಅವರಿಗೆ ಉತ್ತರ ಮೇಲೆ ಅಂತ ಉಂಟಾ? ಹಡಗಿನ ಮೂತಿ ಯಾವ ಕಡೆಗೋ ಅದೇ ಮೇಲೆ. ನೀನು ಶಾಲೆ ಟೀಚರ್ ಹಾಗೆ ತಪ್ಪು ಹುಡುಕ್ತಾ ಕೂತಿದ್ದಿ." ಮಣ್ಣಿ ಮೆತ್ತಿದ ಬೆರಳಲ್ಲೇ ಹಾಳೆಯನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿದರು. "ಈಗ ನೋಡು."

ಬಾಯಿ ಎಡಕ್ಕೆ ಬಂತು, ಬಟ್ಟಲುಗಳು ಕೆಳಗೆ ಬಂದವು, ಅಥೆನ್ಸ್ ಮೇಲೆ ಬಲಮೂಲೆಗೆ. ಚುಕ್ಕಾಣಿ ಹಿಡಿದು ಒಳಗೆ ಹೋಗುವಾಗ ನಿಮಗೆ ಕಂಡದ್ದನ್ನು ಕಂಡ ಹಾಗೆಯೇ ಬರೆದಿದ್ದಿರಿ. ಮುದುಕಿ ಯಾವ ಮ್ಯಾಪಿನಲ್ಲೂ ಸಿಗುವುದಿಲ್ಲ, ಗೊತ್ತು. ಆದರೂ ಆ ಮಧ್ಯಾಹ್ನ ಮಗಳ ಪಕ್ಕ ಮಲಗಿದವಳು ಸಂಜೆಯವರೆಗೆ ಏಳಲಿಲ್ಲ.

ಇಲ್ಲಿ ಕೆಲಸದ ವಾರ ಶುರುವಾಗುವ ಭಾನುವಾರ ಸುಧೀರ್ ಆಫೀಸಿನಲ್ಲಿ ಹೌದು ಎಂದು ಹೇಳಿ ಬಂದರು. ನಾವು ಹೋಗುವುದು ವಿಮಾನದಲ್ಲಿ. ಆದರೆ ಒಂದು ದಿನ ಹತ್ತಿರದ ಯಾವುದಾದರೂ ದ್ವೀಪಕ್ಕೆ ಹಡಗಿನಲ್ಲಿ ಹೋಗಿ, ವಾಪಸ್ ಬರುವಾಗ ನಿಮ್ಮ ಮೊಮ್ಮಗಳನ್ನು ಎತ್ತಿಕೊಂಡು ಹಡಗಿನ ಮೂತಿಯ ಹತ್ತಿರ ನಿಲ್ಲುತ್ತೇನೆ. ಹಾಳೆಯನ್ನು ತಿರುಗಿಸದೆ, ನೀವು ಬರೆದ ಹಾಗೇ ಹಿಡಿದು.