ಐದನೆಯ ಸಲದ ಪುಡಿ

ಕುಂದಾಪುರ,
೧೮ ನವೆಂಬರ್ ೨೦೧೨, ಭಾನುವಾರ

ಪ್ರೀತಿಯ ಅಮ್ಮಾ,

ಕಣ್ಣಿನ ಪೊರೆ ತೆಗೆಸಿ ಇಪ್ಪತ್ತು ದಿನವಾಯಿತು, ಈಗ ಹೇಗಿದೆ? ಹನಿ ಔಷಧಿ ತಪ್ಪಿಸುತ್ತಿಲ್ಲ ತಾನೆ? ಒಲೆಯ ಮುಂದೆ ಕೂರಬೇಡ ಎಂದರೆ ನೀನು ಕೇಳುವವಳಲ್ಲ, ಹೊಗೆ ತಾಗದಂತೆ ಕಪ್ಪು ಕನ್ನಡಕವನ್ನಾದರೂ ಹಾಕಿಕೋ. ರತ್ನಾಗಿರಿಯ ಹವೆ ನಿನ್ನ ಮಂಡಿಗೆ ಒಗ್ಗಿತೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಪ್ರೇಮಾನಂದಣ್ಣ ನಡುವೆ ಬಾಯಿ ಹಾಕಿ, ನಾನು ಹೇಳಿದ್ದರಲ್ಲಿ ಅರ್ಧವನ್ನಷ್ಟೇ ನಿನಗೆ ದಾಟಿಸುತ್ತಾನೆ. ಚಂದನಾ, ನೀನು ಇದನ್ನು ಅಜ್ಜಿಗೆ ನಿಧಾನವಾಗಿ ಓದಿ ಹೇಳು ಮಗಾ. ಅತ್ತೆಗೆ ಬೈಗುಳ ಸಿಗುವಂಥ ಜಾಗ ಬಂದರೂ ಬಿಡಬೇಡ.

ಪ್ರತಿ ಸಲವೂ ನೀನು ಕೇಳುವುದು ಒಂದೇ ಮಾತು, "ಡಾಕ್ಟ್ರ್ ಆಪ್ದ್ ಯಾವಾಗ ಹೆಣೆ, ನಾ ಸತ್ತ್ ಮೇಲಾ?" ಎಂದು. ಕಾಲೇಜಿನಲ್ಲಿ ಪಾಠ ಮಾಡಿ ಮುಗಿಸಿ, ಬಸ್ಸಿನಲ್ಲಿ ಕವಿತೆ ಓದುತ್ತ ಓದುತ್ತ ಲ್ಯಾಬಿಗೆ ಹೋಗಿ ಈ ಪಿಎಚ್‌ಡಿಗೆಂದು ನಾನು ಮಾಡುವುದಾದರೂ ಏನೆಂದು ಇವತ್ತು ಸರಿಯಾಗಿ ಹೇಳುತ್ತೇನೆ. ಬ್ರಹ್ಮಾವರದ ಹತ್ತಿರದ ಒಂದು ಅಕ್ಕಿ ಮಿಲ್ಲಿನಿಂದ ಉಮಿ ಸುಟ್ಟ ಬೂದಿ ತರುತ್ತೇನೆ. ನೀನು ಹಲ್ಲುಜ್ಜುತ್ತಿದ್ದ ಉಮಿಕರಿಯ ತಮ್ಮ ಅದು, ಇನ್ನೂ ಚೆನ್ನಾಗಿ ಸುಟ್ಟು ಬೆಳ್ಳಗಾದದ್ದು. ಅದರಿಂದ ಸಿಲಿಕಾ ಎಂಬ ಬಿಳಿ ಪುಡಿ ಬರುತ್ತದೆ. ಅದರ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು. ಆ ತೂತುಗಳ ಗೋಡೆಗೆ ಆಮ್ಲವನ್ನು ಅಂಟಿಸಿ, ಹಣ್ಣಿನ ಸಕ್ಕರೆಯ ನೀರಿಗೆ ಹಾಕಿ ಕಾಯಿಸಿದರೆ, ಆ ಸಕ್ಕರೆ ಪ್ಲಾಸ್ಟಿಕ್ಕಿಗೂ ಇಂಧನಕ್ಕೂ ಮೂಲವಾಗಬಲ್ಲ ಬೇರೊಂದು ವಸ್ತುವಾಗುತ್ತದೆ. ಬರೀ ಆಮ್ಲ ಸುರಿದರೂ ಆದೀತು, ಆದರೆ ಅದು ಕೊನೆಗೆ ಚರಂಡಿಗೆ ಹೋಗಿ ಹೊಳೆ ಸೇರುತ್ತದೆ. ನನ್ನ ಪುಡಿಯನ್ನಾದರೆ ಸೋಸಿ, ತೊಳೆದು, ಒಣಗಿಸಿ ಮತ್ತೆ ಹಾಕಬಹುದು. ಅದರ ಹೆಚ್ಚುಗಾರಿಕೆಯೇ ಅದು. ಐದು ಸಲ ಹಾಕಿದರೂ ಮೊದಲ ಸಲದಷ್ಟೇ ಕೆಲಸ ಮಾಡುತ್ತದೆ ಎಂದು ನಾವು ಹೇಳಿಕೊಂಡು ಬಂದೆವು.

ಪ್ರತಿ ಸಲ ಸೋಸುವಾಗ ಸಾಕಷ್ಟು ಪುಡಿ ಕಾಗದಕ್ಕೆ, ಗಾಜಿಗೆ ಅಂಟಿ ಕಡಿಮೆಯಾಗುತ್ತದೆ. ಗೈಡ್ ಸರ್ ಮೊದಲ ದಿನವೇ ಹೇಳಿಕೊಟ್ಟಿದ್ದರು, ಹೊಸ ಪುಡಿ ಸೇರಿಸಿ ತೂಕ ಸರಿಮಾಡಿಕೊಳ್ಳಿ ಎಂದು. ಹಾಗೆಯೇ ಮಾಡುತ್ತಿದ್ದೆ. ಈ ಜುಲೈಯಲ್ಲಿ ಹೊಸ ಪುಡಿಯ ಬಾಟಲಿ ಖಾಲಿಯಾಯಿತು, ಮಿಲ್ಲೂ ರಿಪೇರಿಗೆಂದು ನಿಂತಿತ್ತು. ಬೇರೆ ದಾರಿಯಿಲ್ಲದೆ, ಉಳಿದ ಹಳೆಯ ಪುಡಿಗೆ ತಕ್ಕಷ್ಟು ಸಕ್ಕರೆಯನ್ನೂ ಕಡಿಮೆ ಮಾಡಿ ಕಾಯಿಸಿದೆ. ಮೊದಲ ಸಲ ಸಕ್ಕರೆಯಲ್ಲಿ ನೂರಕ್ಕೆ ತೊಂಬತ್ತೊಂದು ಪಾಲು ಬದಲಾಗಿದ್ದದ್ದು ಮೂರನೆಯ ಸಲಕ್ಕೆ ಐವತ್ತೆರಡಾಯಿತು, ಐದನೆಯ ಸಲಕ್ಕೆ ಇಪ್ಪತ್ತು. ಮಿಲ್ಲು ಮತ್ತೆ ನಡೆದ ಮೇಲೆ ಹೊಸ ಪುಡಿ ಮಾಡಿಕೊಂಡು, ಮೊದಲಿನಿಂದ ಶುರುಮಾಡಿ ಮತ್ತೆರಡು ಸಲ ನೋಡಿದೆ, ಹಾಗೆಯೇ ಬಂತು. ಸಕ್ಕರೆ ಕರಟಿ ಕಪ್ಪಾಗಿ ತೂತುಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. ಅಷ್ಟು ದಿನವೂ ದುಡಿದದ್ದು ಮೇಲಿನಿಂದ ಸೇರಿಸಿದ ಹೊಸ ಪುಡಿ. ಐದನೆಯ ಸಲ ಓದಿದರೂ ಮೊದಲ ಸಲದಷ್ಟೇ ಕೊಡುವ ಕವಿತೆಗಳಿವೆ. ನನ್ನ ಪುಡಿಗೆ ಆ ಗುಣವಿಲ್ಲ.

ಆಗ ನನಗೆ ನೆನಪಾದದ್ದು ಯಾವ ಪುಸ್ತಕವೂ ಅಲ್ಲ, ಕುಂದಾಪುರದ ಮೀನು ಮಾರ್ಕೆಟ್ಟು. ಪಕ್ಕದಲ್ಲಿ ಕೂರುತ್ತಿದ್ದ ಪದ್ದಕ್ಕ ನಿನ್ನೆಯ ಬಂಗುಡೆಯ ಮೇಲೆ ಇವತ್ತಿನದನ್ನು ಹರಡಿ ಕೂತಾಗ ನೀನು ಎಲ್ಲರಿಗೂ ಕೇಳುವಂತೆ, "ಹ್ವಾಯ್ ಪದ್ದು, ಮೇಲಿಂದ್ ಇವತ್ತಿಂದ್, ಅಡಿಯಂಗಿಪ್ದ್ ಯಾವ ದೀಪಾವಳಿದ್?" ಎಂದಿದ್ದೆ. ಅವಳು ಸುಮ್ಮನಿರಲಿಲ್ಲ, "ನೀ ನಿನ್ನ್ ಬುಟ್ಟಿ ಕಾಣ್ ಕುಸುಮಕ್ಕ" ಎಂದಳು. ನೀನು ನಿನ್ನ ಬುಟ್ಟಿಯನ್ನು ಅಲ್ಲೇ ಕಲ್ಲಿನ ಮೇಲೆ ಮಗುಚಿ, ಅಡಿಯ ಮೀನಿನ ಕೆಂಪು ಕಿವಿರು ಎತ್ತಿ ತೋರಿಸಿದೆ. ನಾನು ಪುಸ್ತಕದ ಚೀಲ ಹಿಡಿದು ನಾಚಿಕೆಯಿಂದ ದೂರ ನಿಂತಿದ್ದೆ.

ಲೆಕ್ಕದ ಹಾಳೆಗಳನ್ನು ಸರ್ ಮುಂದೆ ಇಟ್ಟೆ. ನನಗಿಂತ ಏಳು ವರ್ಷ ಚಿಕ್ಕವರು ಅವರು. "ಎಲ್ಲರೂ ತೂಕ ಸರಿಮಾಡಿಯೇ ಹಾಕುತ್ತಾರೆ ಮೇಡಂ, ನಿಮಗೊಬ್ಬರಿಗೇ ಯಾಕೆ ಈ ಮಡಿ?" ಎಂದರು. ಪ್ರಬಂಧಕ್ಕೆ ಹಳೆಯ ಅಂಕಿಗಳೇ ಇರಲಿ, ಇಲ್ಲವಾದರೆ ಸಹಿ ಹಾಕುವುದಿಲ್ಲ ಎಂದರು. ಡಿಸೆಂಬರ್ ಮುಗಿದರೆ ನನ್ನ ನೋಂದಣಿಯ ಅವಧಿಯೂ ಮುಗಿಯುತ್ತದೆ, ಎಂಟು ವರ್ಷದ ಕೆಲಸ ಅಲ್ಲಿಗೇ ನಿಲ್ಲುತ್ತದೆ. "ನಿಮ್ಮ ವಯಸ್ಸಿಗೆ ಇದು ಕೊನೆಯ ಬಸ್ಸು" ಎಂದೂ ಸೇರಿಸಿದರು. ಕೆರಾಡಿಯ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ಕೊನೆಯ ಬಸ್ಸು ತಪ್ಪಿಸಿಕೊಂಡು ಎಷ್ಟೋ ಸಂಜೆ ನಡೆದೇ ಬಂದವಳು ನಾನು, ಈಗಲೂ ಕಾಲು ಗಟ್ಟಿಯಿದೆ ಎಂದೆ. ಅವರಿಗೆ ನಗು ಬರಲಿಲ್ಲ.

ನಾಲ್ಕನೆಯ ಅಧ್ಯಾಯವನ್ನು ನಿಜವಾದ ಅಂಕಿಗಳೊಂದಿಗೆ ಬರೆದು ಮುಗಿಸಿದ್ದೇನೆ. ಪುಡಿ ಏಕೆ ಸೋಲುತ್ತದೆ ಎಂಬುದೂ ಅದರಲ್ಲಿದೆ. ಮುಂದೆ ಬೂದಿ ಹಿಡಿದು ಕೂರುವವರಿಗೆ ಅಷ್ಟಾದರೂ ಉಪಯೋಗಕ್ಕೆ ಬಂದೀತು. ಗೈಡ್ ಸರ್ ಸಹಿ ಹಾಕಿದರೆ ಹಾಕಲಿ. ಹಾಕದಿದ್ದರೆ ನಿನ್ನ ಮಗಳು ಡಾಕ್ಟ್ರಾಗುವುದಿಲ್ಲ, ಅಷ್ಟೇ. ಬೇಸರವಾದರೆ ನನ್ನನ್ನು ಬೈ. ಅಂಕಿ ಬದಲಿಸು ಎಂದು ಮಾತ್ರ ಅಣ್ಣನ ಕೈಯಲ್ಲಿ ಫೋನ್ ಮಾಡಿಸಬೇಡ.

ಅತ್ತಿಗೆಗೆ, ಅಣ್ಣನಿಗೆ ನನ್ನ ನೆನಪುಗಳನ್ನು ತಿಳಿಸು. ನಿನ್ನ ಪಾದ ಮುಟ್ಟಿದೆನೆಂದು ತಿಳಿದುಕೋ.

ನಿನ್ನ ಮಗಳು,
ತುಂಗಾ

ಮರೆತ ಮಾತು: ಮರೆತದ್ದೆಂದು ಬರೆದೆ, ನಿಜವಾಗಿ ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಎರಡು ವರ್ಷದ ಹಿಂದೆ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದ ನನ್ನ ಲೇಖನದ ಮೊದಲ ಪುಟಕ್ಕೆ ಅಣ್ಣ ಗಾಜು ಹಾಕಿಸಿ, ದೇವರ ಪಟದ ಪಕ್ಕ ತೂಗುಹಾಕಿದ್ದಾನಲ್ಲ, ಅದರಲ್ಲಿರುವುದು ಹೊಸ ಪುಡಿ ಸೇರಿಸಿದ ಅಂಕಿಗಳು. ಸೇರಿಸಿದ ಕೈ ನನ್ನದೇ. ಅದು ತಪ್ಪೆಂದು ನಿನ್ನೆ ಪತ್ರಿಕೆಯವರಿಗೆ ಬರೆದು ಕಳಿಸಿದೆ, ಸರ್ ಅವರಿಗೂ ಒಂದು ಪ್ರತಿ. ಚಂದನಾ, ಈಗಲೇ ಎದ್ದು ಅದನ್ನು ಗೋಡೆಯಿಂದ ಇಳಿಸು. ಕಾಗದ ತೆಗೆದು ಚೌಕಟ್ಟನ್ನು ಮಾತ್ರ ಅಜ್ಜಿಯ ಪೆಟ್ಟಿಗೆಯಲ್ಲಿಡು. ಮುಂದಿನ ತಿಂಗಳು ಬರುವಾಗ ಅದರೊಳಗೆ ಹಾಕಲು ನಾಲ್ಕನೆಯ ಅಧ್ಯಾಯದ ಒಂದು ಹಾಳೆ ತರುತ್ತೇನೆ, ಇಪ್ಪತ್ತು ಎಂದು ಬರೆದಿರುವ ಹಾಳೆ.